ಸಹಾಯ ಬೇಕು: ಬೂಟ್ ಆದಾಗಲೆಲ್ಲ ಬೋರ್ಡಿನ ಮ್ಯಾಕ್ ಅಡ್ರೆಸ್ ಬದಲಾಗುತ್ತಿದೆ

ಲಿನಕ್ಸ್ ಡ್ರೈವರ್ ಕೆಲಸ ಗೊತ್ತಿರುವವರು ಸ್ವಲ್ಪ ನೋಡಿ. ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಮಳೆ, ಮಣ್ಣಿನ ತೇವ ಅಳೆಯೋಕೆ ಸಣ್ಣ ಆರ್ಮ್ ಬೋರ್ಡ್‌ಗಳನ್ನು ಹಾಕಿದ್ದೇನೆ. ಕರೆಂಟ್ ಹೋಗಿ ಬಂದಾಗಲೆಲ್ಲ (ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ವಾ) ಈಥರ್ನೆಟ್‌ಗೆ ಹೊಸ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಬೋರ್ಡನ್ನು ಗುರುತಿಸೋ ಆರು ಬೈಟ್‌ನ ನಂಬರ್) ಬರುತ್ತದೆ, ರೂಟರ್ ಬೇರೆ ಐಪಿ ಕೊಡುತ್ತದೆ, ಚಿಕ್ಕಮಗಳೂರಿನಲ್ಲಿ ಕೂತು ಲಾಗಿನ್ ಆಗೋಕೆ ಹೋದರೆ ಬೋರ್ಡ್ ಸಿಗೋದೇ ಇಲ್ಲ.

ಕಾರಣ ಸಿಕ್ಕಿದೆ. ಅಡ್ರೆಸ್ ಇರಬೇಕಾದ ಸಣ್ಣ ಮೆಮೊರಿ ಚಿಪ್, ಅಂದರೆ ಇಇಪ್ರಾಮ್, ಓದಿದರೆ ಆರೂ ಬೈಟ್ ಎಫ್‌ಎಫ್ (ಖಾಲಿ ಚಿಪ್‌ನಲ್ಲಿ ಇರೋದೇ ಇದು). ಫ್ಯಾಕ್ಟರಿಯಲ್ಲಿ ಅಡ್ರೆಸ್ ಬರೆದೇ ಇಲ್ಲ. ಎಲ್ಲಾ ಎಫ್‌ಎಫ್ ಅಂದರೆ ಬ್ರಾಡ್‌ಕಾಸ್ಟ್ ಅಡ್ರೆಸ್ (ಎಲ್ಲರಿಗೂ ಒಟ್ಟಿಗೆ ಕಳಿಸೋಕೆ ಇರೋದು), ಲಿನಕ್ಸ್ ಕರ್ನಲ್ ಅದನ್ನು ಒಪ್ಪಲ್ಲ, ಹಾಗಾಗಿ ಈಥರ್ನೆಟ್ ಡ್ರೈವರ್ ತಾನೇ ರಾಂಡಮ್ ಆಗಿ ಒಂದು ಮಾಡಿಕೊಳ್ಳುತ್ತದೆ.

ತಲೆ ಕೆಡಿಸಿರೋದು ಇನ್ನೊಂದು ಬೋರ್ಡ್. ಅದರಲ್ಲಿ ಅಡ್ರೆಸ್ ಸರಿಯಾಗೇ ಇದೆ, ಆದರೂ ಕೆಲವು ಸಲ ರಾಂಡಮ್! ಇಇಪ್ರಾಮ್ ಡ್ರೈವರ್ ಲೋಡ್ ಆಗೋದು ತಡವಾದರೆ 'ಪ್ರೋಬ್ ಡಿಫರ್' ಎರರ್ ಬರುತ್ತದೆ, ಅಂದರೆ ಆಮೇಲೆ ಬಾ ಅಂತ. ಈಥರ್ನೆಟ್ ಡ್ರೈವರ್ ಯಾವ ಎರರ್ ಬಂದರೂ ಅಡ್ರೆಸ್ ಇಲ್ಲ ಅಂದುಕೊಳ್ಳುತ್ತದೆ. ಆ ಒಂದು ಎರರನ್ನು ಮಾತ್ರ ಹಾಗೇ ವಾಪಸ್ ಕೊಟ್ಟರೆ ಸಾಕಾ?

ಖಾಲಿ ಬೋರ್ಡ್‌ಗಳಿಗೆ ಏನು ಮಾಡಲಿ? ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರ ಕರ್ನಲ್‌ಗೆ ಹೇಳೋ ಫೈಲ್) ಹಾಕೋಣ ಅಂದರೆ ಎಲ್ಲಕ್ಕೂ ಒಂದೇ ಇಮೇಜ್, ಅಡ್ರೆಸ್ ಡೂಪ್ಲಿಕೇಟ್ ಆಗುತ್ತದೆ. ಲಿನಕ್ಸ್‌ಗಿಂತ ಮೊದಲು ಓಡೋ ಬೂಟ್‌ಲೋಡರ್ ಯು-ಬೂಟ್‌ನಲ್ಲೇ ಚಿಪ್ ಸೀರಿಯಲ್ ನಂಬರಿನಿಂದ ಹ್ಯಾಶ್ ಮಾಡಿ (ಅದೇ ನಂಬರಿಗೆ ಯಾವಾಗಲೂ ಅದೇ ಉತ್ತರ ಬರೋ ಲೆಕ್ಕ), ಮೊದಲ ಬೈಟ್ 02 ಇಟ್ಟು ಲೋಕಲ್ ಅಡ್ರೆಸ್ (ಕಂಪನಿ ಕೊಟ್ಟಿದ್ದಲ್ಲ, ನಾವೇ ಇಟ್ಟಿದ್ದು) ಮಾಡೋ ಯೋಚನೆ ಇದೆ. ಯಾರಾದರೂ ಹೀಗೆ ಮಾಡಿದ್ದೀರಾ? ಸುಮ್ನೆ ಬೋರ್ಡ್ ಬದಲಾಯಿಸಿ ಅನ್ನಬೇಡಿ, ದುಡ್ಡಿಲ್ಲ.