ಮಗಳು ಮಾಡಬೇಕೆಂದಿರುವ ಸಾಧನ: ತೋಟದ ಹೆಂಗಸರಿಗೆ ಒದಗುವುದು ಯಾವುದು?

ಪ್ರಶ್ನೆ (ಉಡುಪಿಯ ತಾಯಿ):
ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವ ನನ್ನ ಮಗಳು, ಹೆಣ್ಣು-ಗಂಡಿನ ನಡುವಿನ ಅಂತರವನ್ನು ಕಡಿಮೆ ಮಾಡುವ ಸಾಧನವೊಂದನ್ನು ತಾನೇ ತಯಾರಿಸಬೇಕೆಂದು ಹಟ ಹಿಡಿದಿದ್ದಾಳೆ. ಕೇಳಿದವರೆಲ್ಲರೂ ಅಪಾಯದ ವೇಳೆ ಸದ್ದು ಮಾಡುವ ಕೈಬಳೆಯನ್ನೇ ಸೂಚಿಸುತ್ತಾರೆ. ಆದರೆ ಹೆಬ್ರಿಯ ಅಜ್ಜಿಮನೆಯ ತೋಟದಲ್ಲಿ ಮರ ಏರುವ ಗಂಡಸಿಗೆ ಸಿಗುವ ಸಂಬಳ, ದಿನವಿಡೀ ಬಗ್ಗಿ ಅಡಿಕೆ ಹೆಕ್ಕುವ ಹೆಂಗಸಿಗೆ ಏಕಿಲ್ಲ ಎಂದು ಚಿಕ್ಕಂದಿನಿಂದಲೂ ಕೇಳುತ್ತಿದ್ದವಳು ಅವಳು. ಅದಕ್ಕೆ ಯಂತ್ರದ ಮೂಲಕ ಏನಾದರೂ ಮಾಡಲು ಸಾಧ್ಯವೇ?

ಉತ್ತರ 1 (ಕೃಷಿಕ, ಮಂಗಳೂರು):
ಸಾಧ್ಯವಿದೆ, ಅಕ್ಕ. ಕೊಯ್ಲಿಗೂ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ಮರ ಏರಲೇಬೇಕಿದ್ದ ಕಾಲದಲ್ಲಿ ಅದು ಗಂಡಸರ ಕೆಲಸವೆಂದೇ ಆಗಿತ್ತು. ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಹಗುರ ಕೋಲು) ಬಂದ ಮೇಲೆ ಎರಡನ್ನೂ ನೆಲದಲ್ಲಿ ನಿಂತೇ ಮಾಡಬಹುದು. ತೊಂದರೆ ಏನೆಂದರೆ, ಉದ್ದ ಮಾಡಿದಷ್ಟೂ ದೋಟಿಯ ತುದಿ ಬಾಗುತ್ತದೆ, ಗಾಳಿಗೆ ತೂಗುತ್ತದೆ, ಹಿಡಿದವರ ಭುಜವೂ ಕುತ್ತಿಗೆಯೂ ಸೋಲುತ್ತವೆ. ನನ್ನ ಹೆಂಡತಿ ನನಗಿಂತ ಚೆನ್ನಾಗಿ ಗುರಿಯಿಟ್ಟು ಗೊನೆ ಕೊಯ್ಯುತ್ತಾಳೆ, ಆದರೆ ಅರ್ಧ ಗಂಟೆಯಲ್ಲಿ ಅವಳ ಕೈ ನಡುಗತೊಡಗುತ್ತದೆ. ದೋಟಿಯ ಭಾರವನ್ನು ಭುಜದಿಂದ ಸೊಂಟಕ್ಕೆ ಇಳಿಸುವ, ಹೆಂಗಸರ ಎತ್ತರಕ್ಕೆ ಹೊಂದಿಸಬಹುದಾದ ಒಂದು ಪಟ್ಟಿಯನ್ನು ನಿಮ್ಮ ಮಗಳು ಮಾಡಿಕೊಟ್ಟರೆ ಮೊದಲನೆಯದನ್ನು ನಾನೇ ಕೊಳ್ಳುತ್ತೇನೆ.

ಉತ್ತರ 2 (ನಿವೃತ್ತ ಶಿಕ್ಷಕಿ):
ಕೇರಳದ ರಮ್ಯಾ ಜೋಸ್ ಅವರ ಬಗ್ಗೆ ಅವಳಿಗೆ ಹೇಳಿ. ತಾಯಿ ಕಾಯಿಲೆ ಬಿದ್ದು, ಮನೆಯ ಬಟ್ಟೆ ಒಗೆಯುವ ಹೊರೆ ಹೆಣ್ಣುಮಕ್ಕಳ ಮೇಲೆ ಬಂದಾಗ, ಇನ್ನೂ ಶಾಲೆಗೆ ಹೋಗುತ್ತಿದ್ದ ಅವರು ಸೈಕಲಿನಂತೆ ತುಳಿದು ನಡೆಸುವ, ವಿದ್ಯುತ್ ಬೇಡದ ಒಗೆಯುವ ಯಂತ್ರವನ್ನು ರೂಪಿಸಿದರು. ಒಗೆತ ಹೆಣ್ಣುಮಕ್ಕಳ ಪಾಲಿಗೇ ಏಕೆ ಎಂಬ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ, ನಿಜ. ತೆಂಗಿನ ವಿಷಯ ಬೇರೆ: ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯಂತ್ರದ ನೆರವಿನಿಂದ ಮರ ಏರುವ ತರಬೇತಿ ಆರಂಭಿಸಿದಾಗ ಮಹಿಳೆಯರೂ ಕಲಿತರು, ಸಂಬಳದ ಕೆಲಸವೇ ಅವರ ಕೈಗೆ ಬಂತು.

ಉತ್ತರ 3 (ಸ್ವಸಹಾಯ ಸಂಘದ ಸದಸ್ಯೆ):
ಒಂದು ಎಚ್ಚರಿಕೆ. ಕತ್ತಿಯ ಮುಂದೆ ಕುಳಿತು ಕಿಲೋ ಲೆಕ್ಕದಲ್ಲಿ ಅಡಿಕೆ ಸುಲಿದು ಸಂಸಾರ ನಡೆಸುತ್ತಿದ್ದ ನಮ್ಮೂರಿನ ಹೆಂಗಸರು, ಸುಲಿಯುವ ಯಂತ್ರ ಬಂದ ವರ್ಷವೇ ಕೆಲಸ ಕಳೆದುಕೊಂಡರು. ಯಂತ್ರ ಕೊಂಡವರೂ ನಡೆಸಿದವರೂ ಗಂಡಸರೇ. ಆದ್ದರಿಂದ ಸಾಧನ ಯಾರ ಒಡೆತನದಲ್ಲಿರುತ್ತದೆ, ಸಂಘದ ಸಾಲದಲ್ಲಿ ಕೊಳ್ಳುವಷ್ಟು ಅಗ್ಗವೇ ಎಂಬುದನ್ನು ಅವಳು ಮೊದಲೇ ಯೋಚಿಸಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಈ ಭಾನುವಾರ ಹೆಬ್ರಿಗೆ ಹೋಗುತ್ತಿದ್ದೇವೆ. ಅಡಿಕೆ ಹೆಕ್ಕಲು ಬರುವ ಇಬ್ಬರು ದೋಟಿ ಹಿಡಿದು ನೋಡಲು ಒಪ್ಪಿದ್ದಾರೆ; ಮಗಳು ಅಳತೆಪಟ್ಟಿಯನ್ನು ಈಗಲೇ ಚೀಲಕ್ಕೆ ಹಾಕಿಟ್ಟಿದ್ದಾಳೆ.