ಹಲ್ಲಿನ ಸ್ಟ್ರಾನ್ಷಿಯಂ ಅಳತೆ: ಏಳಕ್ಕೆ ಏಳೂ ಮಂದಿ ಹೊರಗಿನವರಾ?

(ಚರ್ಚಾವೇದಿಕೆಯೊಂದರ ಮಾತುಕತೆ. ಮಣ್ಣುಪದರ, ಶಿಲಾಶೋಧ, ಅಗೆತ ಇವು ಬರೆದವರ ಅಡ್ಡಹೆಸರುಗಳು.)

ಮಣ್ಣುಪದರ: ಗ್ರಾನೈಟ್ ಬೆಟ್ಟದ ತಪ್ಪಲು, ನವಶಿಲಾಯುಗದ ಸಮಾಧಿಗಳು. ಬಾಲ್ಯದಲ್ಲಿ ತಿಂದ ಆಹಾರದ ಮೂಲಕ ನೆಲದ ಸ್ಟ್ರಾನ್ಷಿಯಂ ಹಲ್ಲಿಗೆ ಸೇರುತ್ತದೆ, ಅದಕ್ಕೇ ಹಲ್ಲನ್ನು ಮಣ್ಣಿನ ಜೊತೆ ಹೋಲಿಸುತ್ತಿದ್ದೇನೆ. ಏಳು ಮಂದಿಯ ಮೊದಲ ದವಡೆ ಹಲ್ಲಿನ ಎನಾಮೆಲ್‌ನಲ್ಲಿ ಸ್ಟ್ರಾನ್ಷಿಯಂ 87/86 ಅನುಪಾತ (ಆ ಧಾತುವಿನ ಎರಡು ಐಸೊಟೋಪ್‌ಗಳ, ಅಂದರೆ ಬೇರೆ ಬೇರೆ ತೂಕದ ಪರಮಾಣುಗಳ ಪ್ರಮಾಣ) 0.7138ರಿಂದ 0.7161. ಅಲ್ಲಿನದೇ ಮಣ್ಣನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಪೂರ್ತಿ ಕರಗಿಸಿದರೆ 0.7290. ಯಂತ್ರದ ಪರೀಕ್ಷೆಗೆ ಬಳಸುವ ಎನ್‌ಬಿಎಸ್ 987 ಸ್ಟ್ಯಾಂಡರ್ಡ್ (ಅನುಪಾತ ಮೊದಲೇ ಗೊತ್ತಿರುವ ಮಾದರಿ) 0.71025, ಸರಿಯಾಗೇ ಇದೆ. ಹಾಗಾದರೆ ಎಲ್ಲರೂ ವಲಸೆ ಬಂದವರಾ? ಇನ್ನೊಂದು ತೊಡಕು: 4ನೇ ವ್ಯಕ್ತಿಯ ಹಲ್ಲಿನಿಂದ ಎರಡು ಸಲ ಪುಡಿ ತೆಗೆದಾಗ ಒಮ್ಮೆ 0.7161, ಒಮ್ಮೆ 0.7149.

ಶಿಲಾಶೋಧ: ವಲಸೆಯ ಮಾತು ಈಗಲೇ ಬೇಡ. ಯಂತ್ರದಲ್ಲಿ ದೋಷವಿಲ್ಲ, ಹೋಲಿಕೆಗೆ ಇಟ್ಟುಕೊಂಡ ಮಣ್ಣಿನ ಅಳತೆಯೇ ತಪ್ಪು. ಹೈಡ್ರೋಫ್ಲೋರಿಕ್ ಆಮ್ಲ ಅಭ್ರಕ, ಪೊಟ್ಯಾಷ್ ಫೆಲ್ಡ್‌ಸ್ಪಾರ್ ಖನಿಜ ಎಲ್ಲವನ್ನೂ ಕರಗಿಸುತ್ತದೆ. ಅವುಗಳಲ್ಲಿ ರುಬಿಡಿಯಂ ಜಾಸ್ತಿ. ಅದು ಕ್ಷಯಿಸುತ್ತಾ ಸ್ಟ್ರಾನ್ಷಿಯಂ 87 ಕೂಡಿಬಂದಿರುತ್ತದೆ. ಆದರೆ ಗಿಡದ ಬೇರಿಗೆ ಸಿಗುವುದು ಬೇಗ ಶಿಥಿಲವಾಗುವ ಪ್ಲೇಜಿಯೋಕ್ಲೇಸ್ ಖನಿಜ ಮತ್ತು ಸುಣ್ಣದ ಅಂಶ. ಅಲ್ಲಿ ಅನುಪಾತ ಕಡಿಮೆ. ಹುರುಳಿ, ಹೆಸರುಕಾಳು ತಿಂದವರ ಹಲ್ಲಿಗೆ ಸೇರಿದ್ದೂ ಅದೇ.

1 ಗ್ರಾಂ ಮಣ್ಣಿಗೆ 1 ಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಅಮೋನಿಯಂ ನೈಟ್ರೇಟ್ 2.5 ಮಿ.ಲೀ. ಹಾಕಿ, ಎಂಟು ಗಂಟೆ ಅಲುಗಾಡಿಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನಷ್ಟೇ ಅಳೆಯಿರಿ. ಜೊತೆಗೆ ಹುಲ್ಲು, ಆಳ ಬೇರಿನ ಮರದ ಎಲೆ ಎರಡೂ ಬೇಕು, ಒಂದೊಂದು ಬಗೆಯ ಬಂಡೆಯ ಮೇಲೂ ಮೂರು ಕಡೆಯಿಂದ. ಗೊಬ್ಬರ ಹಾಕಿದ ಹೊಲದ ಹತ್ತಿರ ಹೋಗಲೇಬೇಡಿ, ಫಾಸ್ಫೇಟ್ ಗೊಬ್ಬರ ತನ್ನದೇ ಸ್ಟ್ರಾನ್ಷಿಯಂ ತರುತ್ತದೆ. ಬಸವನಹುಳುವಿನ ಚಿಪ್ಪೊಂದನ್ನೇ ನಂಬಬೇಡಿ, ಅದು ಸುಣ್ಣ ಮತ್ತು ಮಳೆನೀರಿನ ಕಡೆಗೆ ವಾಲುತ್ತದೆ.

ಅಗೆತ: 4ನೇ ಹಲ್ಲಿನ ಪುಡಿಯಲ್ಲಿ ಡೆಂಟಿನ್ (ಎನಾಮೆಲ್‌ನ ಒಳಗಿನ ಮೆತ್ತನೆಯ ಪದರ) ಬೆರೆತಿರಬೇಕು. ಹೂತ ಮೇಲೆ ಡೆಂಟಿನ್ ಮಣ್ಣಿನ ಸ್ಟ್ರಾನ್ಷಿಯಂ ಹೀರಿಕೊಳ್ಳುತ್ತದೆ, ಮೂಳೆಯೂ ಅಷ್ಟೆ. ಹೀಗಾಗಿ ಒಂದು ಚಿಟಿಕೆ ಬೆರೆತರೂ ಅಳತೆ ಜಾರುತ್ತದೆ. ಮೈಕ್ರೋಸ್ಕೋಪ್ ಕೆಳಗೆ ನೋಡಿ: ಎನಾಮೆಲ್ ಅರೆಪಾರದರ್ಶಕ, ಡ್ರಿಲ್ ಅದರ ಮೇಲೆ ಕಿರುಗುಟ್ಟುತ್ತದೆ, ಡೆಂಟಿನ್ ಹಳದಿ, ಮುಟ್ಟಿದ ಕೂಡಲೇ ಡ್ರಿಲ್ ಒಳಗಿಳಿಯುತ್ತದೆ. ಹೊರಗಿನ 0.1 ಮಿ.ಮೀ. ಉಜ್ಜಿ ತೆಗೆಯಿರಿ, ಒಳಗೆ ಡೆಂಟಿನ್‌ನ ಅಂಚಿಗೆ ಮುಂಚೆಯೇ ನಿಲ್ಲಿಸಿ. ಪುಡಿಗಿಂತ 20 ಮಿ.ಗ್ರಾಂನ ಚೂರು ವಾಸಿ. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಐದು ನಿಮಿಷ, ಶುದ್ಧ ನೀರಲ್ಲಿ ಮೂರು ತೊಳೆತ, ಆಮೇಲೆ 3 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸ್ಟ್ರಾನ್ಷಿಯಂ ಬೇರ್ಪಡಿಸುವ ರೆಸಿನ್‌ಗೆ ಹಾಕಿ. ಬೆರೆತ ಡೆಂಟಿನ್ ಅಸಿಟಿಕ್ ತೊಳೆತದಿಂದ ಹೋಗುವುದಿಲ್ಲ, ನೆನಪಿರಲಿ. ಅದೇ ಹಲ್ಲಿನ ಡೆಂಟಿನ್ ಬೇರೆಯಾಗಿ ಅಳೆಯಿರಿ. ಯುರೇನಿಯಂ ಕೂಡ ನೋಡಿ: ಎನಾಮೆಲ್‌ನಲ್ಲಿ ಅದು ಹೆಚ್ಚಿದ್ದರೆ ಅಂತರ್ಜಲ ಒಳಹೊಕ್ಕಿದೆ.

ಮಣ್ಣುಪದರ: ಮಾಡಿದೆ. ಮಣ್ಣಿನ ತಿಳಿ 0.7142, ಗಿಡಗಳು 0.7133–0.7152. 4ನೇ ಹಲ್ಲಿನ ಡೆಂಟಿನ್ 0.7141, ಹೊಸ ಎನಾಮೆಲ್ ಚೂರು 0.7162. ಯುರೇನಿಯಂ ಇಲ್ಲವೆನ್ನುವಷ್ಟು. ಉಳಿದ ಆರೂ ಗಿಡಗಳ ವ್ಯಾಪ್ತಿಯೊಳಗೇ ಇವೆ.

ಶಿಲಾಶೋಧ: ಹಾಗಿದ್ದರೆ 4ನೆಯ ವ್ಯಕ್ತಿಯೊಬ್ಬರೇ ಬೇರೆ ನೆಲದ ಆಹಾರ ತಿಂದು ಬೆಳೆದವರು. ಮೊದಲ ದವಡೆ ಹಲ್ಲಿನ ಎನಾಮೆಲ್ ಹುಟ್ಟಿದಾಗಿನಿಂದ ಸುಮಾರು ಮೂರು ವರ್ಷದೊಳಗೆ ಕಟ್ಟಿಕೊಳ್ಳುತ್ತದೆ. ಬುದ್ಧಿಹಲ್ಲು ಉಳಿದಿದ್ದರೆ ಅಳೆಯಿರಿ, ಅದು 0.714ರ ಆಸುಪಾಸಿಗೆ ಬಂದರೆ ಬಾಲ್ಯದಲ್ಲೇ ಊರು ಬದಲಾಗಿದೆ ಎನ್ನಬಹುದು. ಕುಡಿದ ನೀರಿನ ಸುಳಿವು ಕೊಡುವ ಆಮ್ಲಜನಕದ ಐಸೊಟೋಪ್ ಅಳತೆಗೂ ಬುದ್ಧಿಹಲ್ಲೇ ಒಳ್ಳೆಯದು, ಮೊದಲ ದವಡೆ ಹಲ್ಲಿನಲ್ಲಿ ಎದೆಹಾಲಿನ ಪ್ರಭಾವ ಅಳತೆಯನ್ನು ಮೇಲಕ್ಕೆತ್ತುತ್ತದೆ. ಉಳಿದ ಆರು ಮಂದಿಯನ್ನು ‘ಸ್ಥಳೀಯರು’ ಎಂದು ಬರೆಯಬೇಡಿ. ಇದೇ ಬಂಡೆ ನೂರು ಕಿ.ಮೀ. ಹರಡಿದ್ದರೆ ಅಷ್ಟೂ ನೆಲ ಇದೇ ಅಂಕಿ ಕೊಡುತ್ತದೆ. ‘ಸ್ಥಳೀಯ ವ್ಯಾಪ್ತಿಗೆ ಹೊಂದುತ್ತದೆ’ ಎಂದಷ್ಟೇ ಬರೆಯಿರಿ.