ಹೀಟರ್ ಬ್ಲೋವರ್ 4ನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದೆ, ರೆಸಿಸ್ಟರ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ:
ನಾಲ್ಕು ಸ್ಪೀಡಿನ ಮ್ಯಾನುವಲ್ ನಾಬ್ ಇರುವ ಕಾರು. 1, 2, 3ರಲ್ಲಿ ಗಾಳಿಯೇ ಇಲ್ಲ. 4ಕ್ಕೆ ತಿರುಗಿಸಿದರೆ ಜೋರಾಗಿ ಬರುತ್ತದೆ, ಚೆನ್ನಾಗಿ ಬಿಸಿಯೂ ಇದೆ. ಫ್ಯೂಸ್ ಬಾಕ್ಸಿನಲ್ಲಿ ಬ್ಲೋವರ್ ಫ್ಯೂಸ್ ಸರಿಯಿದೆ. ಹೊಸ ರೆಸಿಸ್ಟರ್ (ಕರೆಂಟು ತಗ್ಗಿಸಿ ಬ್ಲೋವರ್ ಸ್ಪೀಡ್ ಇಳಿಸುವ ಭಾಗ) ತರುವ ಮುಂಚೆ ಏನು ನೋಡಿಕೊಳ್ಳಬೇಕು?

ಉತ್ತರ 1:
ರೆಸಿಸ್ಟರೇ ಹೋಗಿರುವ ಲಕ್ಷಣ ಸರ್. 4ರಲ್ಲಿ ಕರೆಂಟು ರೆಸಿಸ್ಟರ್ ಮುಟ್ಟದೆ ನೇರ ಮೋಟಾರಿಗೆ ಹೋಗುತ್ತದೆ, ಉಳಿದ ಮೂರೂ ಅದರ ಮೂಲಕವೇ ಹಾಯಬೇಕು. ಮೂರೂ ಒಟ್ಟಿಗೆ ನಿಂತಿವೆ ಅಂದರೆ ಹೆಚ್ಚಾಗಿ ಅದರ ಮೇಲಿನ ಥರ್ಮಲ್ ಫ್ಯೂಸ್ (ಅತಿಯಾಗಿ ಕಾದರೆ ಕರೆಂಟು ಕಡಿಯುವ ಫ್ಯೂಸ್) ಹೋಗಿರುತ್ತದೆ. ಒಳಗಿನ ಸುರುಳಿಗಳು ಒಂದರ ಹಿಂದೆ ಒಂದು ಇರುವುದರಿಂದ, ನಡುವೆ ಎಲ್ಲೋ ತುಂಡಾದರೆ ಕೆಳಗಿನ ಸ್ಪೀಡುಗಳು ಹೋಗಿ ಮೇಲಿನವು ಉಳಿಯುತ್ತವೆ. 1 ಮತ್ತು 3 ಓಡಿ 2 ಮಾತ್ರ ಸತ್ತಿದ್ದರೆ ರೆಸಿಸ್ಟರ್ ಬಿಟ್ಟು ನಾಬ್ ಹಿಂದಿನ ಸ್ವಿಚ್ ನೋಡಬೇಕು.

ಬಹಳಷ್ಟು ಕಾರುಗಳಲ್ಲಿ ರೆಸಿಸ್ಟರ್ ಗ್ಲವ್ ಬಾಕ್ಸ್ ಹಿಂದೆ, ಬ್ಲೋವರ್ ಮೋಟಾರಿನ ಹತ್ತಿರದ ಡಕ್ಟಿನಲ್ಲಿ (ಗಾಳಿ ಹಾಯುವ ಕೊಳವೆ) ಇರುತ್ತದೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಡಿ. ಮೇಲೆಯೇ ಏರ್‌ಬ್ಯಾಗ್ ಇರುತ್ತದೆ, ಅದರ ವೈರಿಗೆ ಕೈ ಹಾಕಬೇಡಿ. ಗ್ಲವ್ ಬಾಕ್ಸ್ ಇಳಿಸಿ, ಕನೆಕ್ಟರಿನ ಲಾಕ್ ಒತ್ತಿ ಪ್ಲಗ್ ಹಿಡಿದು ಎಳೆಯಿರಿ, ವೈರು ಹಿಡಿದು ಎಳೆದರೆ ಪಿನ್ನೇ ಕಿತ್ತು ಬರುತ್ತದೆ. ಸಾಮಾನ್ಯವಾಗಿ ಎರಡು ಸ್ಕ್ರೂ ಅಷ್ಟೇ. ರೆಸಿಸ್ಟರ್ ತೆಗೆದ ಕಿಂಡಿಯೊಳಗೆ ಸ್ಕ್ರೂ ಬಿದ್ದರೆ ಬ್ಲೋವರ್ ರೆಕ್ಕೆಯವರೆಗೂ ಹೋಗಬಹುದು, ಮ್ಯಾಗ್ನೆಟ್ ತುದಿಯ ಸ್ಕ್ರೂಡ್ರೈವರ್ ಬಳಸಿ.

ಬಿಚ್ಚಿದ್ದನ್ನು ಮಲ್ಟಿಮೀಟರಿನ 200 ಓಮ್ ರೇಂಜಿನಲ್ಲಿ ನೋಡಿ. ಮೊದಲು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ, ಬರುವ ರೀಡಿಂಗನ್ನು ಕಳೆಯಬೇಕು. ಸರಿಯಿದ್ದರೆ ಪಿನ್‌ಗಳ ನಡುವೆ ಕೆಲವೇ ಓಮ್ ತೋರಿಸುತ್ತದೆ. ಓಪನ್ (ಅಂದರೆ ಒಳಗಿನ ದಾರಿ ತುಂಡಾಗಿದೆ) ತೋರಿಸಿದರೆ ಹೋಗಿದೆ.

ಉತ್ತರ 2:
ಹಳೇ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡದೆ ಹೊಸದು ಹಾಕಬೇಡಿ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದ್ದರೆ, ಉಬ್ಬಿದ್ದರೆ, ಅಲ್ಲಿ ಕಾಂಟ್ಯಾಕ್ಟ್ ಸಡಿಲವಾಗಿ ಬಿಸಿಯಾಗಿದೆ ಎಂದೇ ಅರ್ಥ. ಅದೇ ಪ್ಲಗ್ಗಿಗೆ ಹೊಸ ರೆಸಿಸ್ಟರ್ ಚುಚ್ಚಿದರೆ ಅದರ ಪಿನ್ನೂ ಸುಡುತ್ತದೆ. ವೈರು ಸಮೇತ ಬರುವ ಪ್ಲಗ್ ತಂದು, ಅದೇ ದಪ್ಪದ ವೈರಿಗೆ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಜೋಡಿಸಿ) ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕವಚ) ಹಾಕಿ. ಎಲ್ಲ ಜಾಯಿಂಟೂ ಒಂದೇ ಕಡೆ ಬರದಂತೆ ವೈರುಗಳನ್ನು ಹಿಂದೆಮುಂದೆ ಕತ್ತರಿಸಿ.

ಥರ್ಮಲ್ ಫ್ಯೂಸಿಗೆ ವೈರು ಸುತ್ತಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಡಕ್ಟ್ ಪ್ಲಾಸ್ಟಿಕ್ಕಿನದು, ಬೆಂಕಿಯಾಗದಂತೆ ತಡೆಯಲೆಂದೇ ಆ ಫ್ಯೂಸ್ ಇಟ್ಟಿರುವುದು.

ಪ್ರಶ್ನೆ ಕೇಳಿದವರು:
ಬಿಚ್ಚಿದೆ, ಓಪನ್ ತೋರಿಸುತ್ತಿದೆ. ಪ್ಲಗ್ ಚೆನ್ನಾಗಿದೆ. ಗ್ಲವ್ ಬಾಕ್ಸ್ ಹಾಕುವ ಮುಂಚೆ, ಹೊಸದನ್ನು ಹೊರಗಡೆಯೇ ಪ್ಲಗ್ ಮಾಡಿ ಟೆಸ್ಟ್ ಮಾಡಬಹುದಾ?

ಉತ್ತರ 1:
ಬೇಡ. ಬ್ಲೋವರಿನ ಗಾಳಿಯೇ ಅದನ್ನು ತಣ್ಣಗಿಡುವುದು. ಹೊರಗಿಟ್ಟು 1ಕ್ಕೆ ಹಾಕಿದರೆ ಸುರುಳಿ ವಿಪರೀತ ಕಾದು ಹೊಸ ಫ್ಯೂಸೂ ಹೋಗಬಹುದು. ಡಕ್ಟಿಗೆ ಸ್ಕ್ರೂ ಮಾಡಿ, ಬ್ಯಾಟರಿ ಕೊಟ್ಟು, ನಾಲ್ಕೂ ಸ್ಪೀಡ್ ನೋಡಿಕೊಂಡು ಆಮೇಲೆ ಗ್ಲವ್ ಬಾಕ್ಸ್ ಹಾಕಿ.

ಉತ್ತರ 3:
ಹೊಸದೂ ಬೇಗ ಹೋದರೆ ಅಪರಾಧಿ ಮೋಟಾರು, ಇಲ್ಲವೇ ಧೂಳು ಕಟ್ಟಿದ ಕ್ಯಾಬಿನ್ ಫಿಲ್ಟರ್. ಫಿಲ್ಟರ್ ಕಟ್ಟಿದ್ದರೆ ರೆಸಿಸ್ಟರಿಗೆ ಗಾಳಿ ಸಾಲದು. ಮೋಟಾರಿನ ಬುಷ್ (ಶಾಫ್ಟ್ ತಿರುಗುವ ಬಳೆ) ಒಣಗಿ ಬಿಗಿಯಾದರೆ ಕರೆಂಟು ಜಾಸ್ತಿ ಎಳೆಯುತ್ತದೆ, ಆ ಶಾಖವೆಲ್ಲ ರೆಸಿಸ್ಟರಿನ ಮೇಲೆ ಬೀಳುತ್ತದೆ. ಬ್ಯಾಟರಿ ಬಿಚ್ಚಿರುವಾಗಲೇ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಕೈ ಬಿಟ್ಟಮೇಲೂ ಸ್ವಲ್ಪ ಸುತ್ತಬೇಕು, ಕಿರ್ ಅಂದು ತಕ್ಷಣ ನಿಂತರೆ ಮೋಟಾರ್ ಬದಲಿಸುವುದೇ ಒಳ್ಳೆಯದು. ಕರೆಂಟು ಅಳೆಯುವುದಾದರೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರೇ (ವೈರಿನ ಸುತ್ತ ಹಿಡಿದು ಅಳೆಯುವ ಮೀಟರು) ಬೇಕು, ಎಸಿ ಮಾತ್ರ ಓದುವುದು ಇಲ್ಲಿ ಕೆಲಸಕ್ಕೆ ಬಾರದು. ಮಲ್ಟಿಮೀಟರಿನ 10 ಆಂಪಿಯರ್ ಸಾಕೆಟ್ಟಿಗೆ ಕೊಡಬೇಡಿ, 4ನೇ ಸ್ಪೀಡಿನಲ್ಲಿ ಅದಕ್ಕಿಂತ ಜಾಸ್ತಿಯೇ ಹರಿಯುತ್ತದೆ.

ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವವರು ಗಮನಿಸಿ: ಸಾಮಾನ್ಯವಾಗಿ ನಿಮ್ಮದರಲ್ಲಿ ಈ ಸುರುಳಿ ಇರುವುದಿಲ್ಲ, ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತದೆ. ಓಮ್ ನೋಡಿ ಅದು ಸರಿಯಿದೆಯೋ ಇಲ್ಲವೋ ಹೇಳಲಾಗದು.